ಸೈಟಿಗೆ ಇ.ಸಿ. ಉಂಟು, ಮಣ್ಣಿಗೆ?

ರೇಷ್ಮೆ ಸಾಕುವ ಮನೆಗಳಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ. ಹುಳುವಿಗೆ ಸೊಪ್ಪು ಹಾಕುವ ಮೊದಲು ಅದು ಯಾವ ತೋಟದ ಸೊಪ್ಪು, ಅಲ್ಲಿ ಔಷಧಿ ಹೊಡೆದು ಎಷ್ಟು ದಿನವಾಯಿತು, ಪಕ್ಕದ ಹೊಲದವರು ಏನಾದರೂ ಸಿಂಪಡಿಸಿದ್ದಾರೆಯೇ, ಹತ್ತಿರದಲ್ಲಿ ಹೊಗೆಸೊಪ್ಪು ಬೆಳೆದಿದ್ದಾರೆಯೇ ಎಂದು ವಿಚಾರಿಸುತ್ತಾರೆ. ವಿಚಾರಿಸದೆ ಹಾಕಿದರೆ ಇಡೀ ಬೆಳೆಯೇ ಕೈಬಿಟ್ಟು ಹೋಗಬಹುದು ಎಂಬುದು ಅವರಿಗೆ ಗೊತ್ತು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಓದುಗರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಹುಳುವಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಇದೇ ಮನೆಯವರು, ಮಕ್ಕಳು ಮರಿಗಳೊಡನೆ ವಾಸಿಸಲೆಂದು ಪೇಟೆಯಲ್ಲಿ ಒಂದು ಸೈಟು ಕೊಳ್ಳುವಾಗ ಆ ಮಣ್ಣಿನ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಸೈಟು ಕೊಳ್ಳುವಾಗ ನಾವು ಏನೇನು ನೋಡುತ್ತೇವೆ, ಸ್ವಲ್ಪ ನೆನಪು ಮಾಡಿಕೊಳ್ಳಿ. ಬಾಗಿಲು ಯಾವ ದಿಕ್ಕಿಗೆ ಬರುತ್ತದೆ, ಈಶಾನ್ಯ ಮೂಲೆ ಸರಿಯಾಗಿದೆಯೇ, ರಸ್ತೆ ಎಷ್ಟು ಅಡಿ, ನಲ್ಲಿ ನೀರು ಬಂದಿದೆಯೇ ಎಂದು ನೋಡುತ್ತೇವೆ. ಆಮೇಲೆ ಖಾತೆ, ಕಂದಾಯ ಕಟ್ಟಿದ ರಸೀದಿ, ಭೂಪರಿವರ್ತನೆಯ ಆದೇಶ. ಕೊನೆಗೆ ವಕೀಲರ ಸಲಹೆಯಂತೆ ಉಪನೋಂದಣಿ ಕಚೇರಿಯಿಂದ ಹಿಂದಿನ ವರ್ಷಗಳ ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇ.ಸಿ. ಆ ಜಾಗದ ಮೇಲೆ ಯಾವ ಬ್ಯಾಂಕಿನ ಸಾಲವಿದೆ, ಯಾರು ಯಾರಿಗೆ ಮಾರಿದರು ಎಂಬುದು ಅದರಲ್ಲಿ ಬರುತ್ತದೆ. ಆ ಜಾಗದಲ್ಲಿ ಏನು ಸುರಿದರು, ಏನು ಸುಟ್ಟರು, ಏನು ಹೂತರು ಎಂಬುದು ಬರುವುದಿಲ್ಲ. ಹಣದ ಸಾಲಕ್ಕೆ ಕಾಗದವಿದೆ. ಮಣ್ಣಿನಲ್ಲಿ ಉಳಿದುಹೋದ ಸಾಲಕ್ಕೆ ಕಾಗದವಿಲ್ಲ. ಅದನ್ನು ಆ ಮನೆಯ ಅಂಗಳದಲ್ಲಿ ಆಡಿ ಬೆಳೆಯುವ ಮಗು ತೀರಿಸಬೇಕಾಗುತ್ತದೆ.

ಖಾಲಿ ಜಾಗಕ್ಕೆ ಎಂಥ ಚರಿತ್ರೆ ಎಂದು ನೀವು ಕೇಳಬಹುದು. ಪೇಟೆಯ ನಡುವೆ ಒಂದು ಜಾಗ ಖಾಲಿ ಬಿದ್ದಿದೆ ಎಂದರೆ ಅದು ಮೊದಲಿನಿಂದಲೂ ಖಾಲಿಯಾಗಿತ್ತು ಎಂದು ಅರ್ಥವಲ್ಲ. ಅಲ್ಲಿ ಹಿಂದೆ ಲಾರಿ ಗ್ಯಾರೇಜು ಇದ್ದಿರಬಹುದು. ಪೆಟ್ರೋಲ್ ಬಂಕ್ ಇದ್ದು ಮುಚ್ಚಿರಬಹುದು. ಗುಜರಿ ಅಂಗಡಿ, ಬ್ಯಾಟರಿ ರಿಪೇರಿ, ಮರದ ಮಿಲ್ಲು, ಅಕ್ಕಿ ಗಿರಣಿ, ರಸಗೊಬ್ಬರ ಮತ್ತು ಕ್ರಿಮಿನಾಶಕದ ಗೋದಾಮು, ಬಣ್ಣ ಹಾಕುವ ಮನೆ, ಏನು ಬೇಕಾದರೂ ಇದ್ದಿರಬಹುದು. ಏನೂ ಇಲ್ಲದಿದ್ದರೆ ಸುತ್ತಲಿನ ಮನೆಗಳ ತಿಪ್ಪೆಯಾದರೂ ಆಗಿರುತ್ತದೆ. ಹಾಳು ಬಾವಿಯೊಂದು ಇದ್ದು, ಅದನ್ನು ಕಸದಿಂದಲೇ ತುಂಬಿ ಮೇಲೆ ಎರಡು ಟ್ರ್ಯಾಕ್ಟರ್ ಮಣ್ಣು ಹಾಕಿ ಸಮ ಮಾಡಿರುವುದೂ ನಮ್ಮ ಕಡೆ ಹೊಸದೇನಲ್ಲ. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾಗಿದೆ. ಇಂಥ ಊರುಗಳಲ್ಲಿ ಖಾಲಿ ಜಾಗ ಬಹಳ ದಿನ ಖಾಲಿ ಉಳಿಯುವುದಿಲ್ಲ. ಮಣ್ಣಿನ ಹಳೆಯ ಕಥೆ ಗೊತ್ತಿರುವ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ, ಮೇಲೆ ತಾರಸಿ ಮನೆ ಏಳುತ್ತದೆ.

ಎಲ್ಲಕ್ಕಿಂತ ಮೊದಲು ಭಯಪಡಬೇಕಾದದ್ದು ಸೀಸಕ್ಕೆ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಿದ ಜಾಗ, ಹಳೆಯ ಬಣ್ಣ ಕೆರೆದು ಹಾಕಿದ ಜಾಗ, ತಾಮ್ರಕ್ಕಾಗಿ ವೈರು ಸುಟ್ಟ ಜಾಗ ಇವೆಲ್ಲ ಅನುಮಾನಿಸಬೇಕಾದವು. ಸೀಸ ಒಂದು ಮೂಲವಸ್ತು. ಅದು ಕೊಳೆಯುವುದಿಲ್ಲ, ಆವಿಯಾಗಿ ಹೋಗುವುದಿಲ್ಲ, ಮಳೆಗೆ ಸುಲಭವಾಗಿ ತೊಳೆದೂ ಹೋಗುವುದಿಲ್ಲ. ಮೇಲಿನ ಒಂದು ಗೇಣು ಮಣ್ಣಿನಲ್ಲೇ ಕೂತಿರುತ್ತದೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರುವುದು 2000ದಲ್ಲಿ ನಿಂತಿತು. ಅದಕ್ಕೂ ಮೊದಲು ವಾಹನಗಳ ಹೊಗೆಯಿಂದ ರಸ್ತೆ ಬದಿಯ ಮಣ್ಣಿಗೆ ಬಿದ್ದದ್ದರಲ್ಲಿ ಬಹುಪಾಲು ಇನ್ನೂ ಅಲ್ಲೇ ಇದೆ. ಅಂಬೆಗಾಲಿಕ್ಕುವ ಮಗು ನೆಲ ಮುಟ್ಟಿದ ಕೈಯನ್ನು ದಿನಕ್ಕೆ ಎಷ್ಟು ಸಲ ಬಾಯಿಗೆ ಹಾಕುತ್ತದೆ ಎಂಬುದನ್ನು ತಾಯಂದಿರಿಗೆ ಹೇಳಬೇಕೆ? ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ದೊಡ್ಡವರಿಗಿಂತ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣಾಂಶ ಮತ್ತು ಸುಣ್ಣದಂಶ ಕಡಿಮೆಯಿರುವ ಮಗುವಿನಲ್ಲಿ ಇದು ಇನ್ನೂ ಹೆಚ್ಚು. ರಕ್ತಹೀನತೆ ಮನೆಮನೆಯಲ್ಲೂ ಇರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ.

ಸೀಸದ ವಿಷ ವಾಂತಿ, ಜ್ವರದಂತೆ ಕಣ್ಣಿಗೆ ಕಾಣುವ ರೋಗವಾಗಿ ಬರುವುದಿಲ್ಲ. ಮಗು ಮಂಕಾಗುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಹಟ ಹೆಚ್ಚುತ್ತದೆ, ಆಗಾಗ ಹೊಟ್ಟೆನೋವು ಎನ್ನುತ್ತದೆ, ರಕ್ತ ಕಡಿಮೆಯಾಗುತ್ತದೆ. ಮೇಷ್ಟ್ರು ದಡ್ಡ ಎನ್ನುತ್ತಾರೆ, ಮನೆಯವರು ಗ್ರಹಚಾರ ಎನ್ನುತ್ತಾರೆ, ನಾವು ವೈದ್ಯರು ಜಂತುಹುಳುವಿನ ಮಾತ್ರೆ, ಟಾನಿಕ್ಕು ಬರೆದು ಕಳಿಸುತ್ತೇವೆ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಸೀಸ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯವನ್ನೇ ಹಿಡಿದು ದಶಕಗಳ ಕಾಲ ದುಡಿದು, ಸೀಸದ ವಿಷಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ರಕ್ತದ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿರುವ ಮಕ್ಕಳು ಭಾರತದಲ್ಲಿ ಸುಮಾರು 27 ಕೋಟಿಗೂ ಮೇಲೆ. ಇಷ್ಟೂ ಖಾಲಿ ಸೈಟುಗಳಿಂದಲೇ ಬಂದದ್ದೆಂದು ನಾನು ಹೇಳುತ್ತಿಲ್ಲ. ಮಸಾಲೆ ಪುಡಿ, ಪಾತ್ರೆ, ಬಣ್ಣ ಎಲ್ಲದರ ಪಾಲೂ ಅದರಲ್ಲಿದೆ. ಆದರೆ ಬ್ಯಾಟರಿ ಒಡೆದ ಮಣ್ಣಿನ ಪಾಲು ದೊಡ್ಡದು. ಇದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಎಂದು ಗೆರೆ ಎಳೆಯುವ ಮಟ್ಟವೇ ಇಲ್ಲ ಎನ್ನುವುದು ಇಂದಿನ ತಿಳಿವಳಿಕೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯಂಗಳದ ಮಣ್ಣಿನಲ್ಲಿ ಸೀಸ ಕಿಲೋಗೆ 400 ಮಿಲಿಗ್ರಾಂ ದಾಟಿದರೆ ವಿಚಾರಿಸಿ ಎನ್ನುತ್ತಿದ್ದದ್ದನ್ನು 2024ರ ಜನವರಿಯಲ್ಲಿ 200ಕ್ಕೆ ಇಳಿಸಿತು.

ಹಾಗೆಂದು ನಾಳೆ ಬೆಳಿಗ್ಗೆಯೇ ಊರಿನ ಖಾಲಿ ಜಾಗಗಳನ್ನೆಲ್ಲ ವಿಷದ ಗುಂಡಿ ಎಂದು ಹೆದರಬೇಕಾಗಿಲ್ಲ. ಕೊಳ್ಳೇಗಾಲದಂಥ ರೇಷ್ಮೆಯ ಊರಿನಲ್ಲಿ ನೂಲು ಬಿಚ್ಚುವ ಮನೆಗಳ ನೀರು ಗಬ್ಬು ನಾರುತ್ತದೆ, ಸತ್ತ ಹುಳುವಿನ ವಾಸನೆಗೆ ಹೊಟ್ಟೆ ತೊಳಸುತ್ತದೆ. ಜನ ಮೂಗು ಮುಚ್ಚಿಕೊಂಡು ಇದೇ ದೊಡ್ಡ ವಿಷ ಎಂದುಕೊಳ್ಳುತ್ತಾರೆ. ನಿಜವಾಗಿ ಅದು ಗೂಡಿನ ಅಂಟು ಮತ್ತು ಹುಳುವಿನ ಕೊಬ್ಬು. ಬಾವಿಯ ನೀರು ಕೆಡಿಸುತ್ತದೆ, ಸೊಳ್ಳೆ ನೊಣಗಳಿಗೆ ಒಳ್ಳೆಯದಾಗುತ್ತದೆ ನಿಜ, ಆದರೆ ಕೆಲಸ ನಿಂತ ಮೇಲೆ ಕೆಲವು ಮಳೆಗಾಲ ಕಳೆದರೆ ಮಣ್ಣು ಅದನ್ನು ಜೀರ್ಣಿಸಿಕೊಳ್ಳುತ್ತದೆ. ಹುಳು ಮನೆ ತೊಳೆಯುವ ಫಾರ್ಮಲಿನ್ ಕೂಡ ಕಣ್ಣಿಗೆ ಗಂಟಲಿಗೆ ಉರಿ ತಂದರೂ ಮಣ್ಣಿನಲ್ಲಿ ವರ್ಷಗಟ್ಟಲೆ ನಿಲ್ಲುವುದಿಲ್ಲ. ಬಣ್ಣದ ಮನೆಯ ಹೊಂಡವಿದ್ದರೆ ಮಾತು ಬೇರೆ; ಕೆಲವು ಬಣ್ಣಗಳಲ್ಲಿ ಕ್ರೋಮಿಯಂನಂಥ ಲೋಹವಿರುತ್ತದೆ, ಅದು ಎಲ್ಲೂ ಹೋಗುವುದಿಲ್ಲ. ನಾರುವುದೆಲ್ಲ ವಿಷವಲ್ಲ, ವಿಷವೆಲ್ಲ ನಾರುವುದೂ ಇಲ್ಲ. ಮೂಗನ್ನು ನಂಬಿ ಸೈಟು ಕೊಳ್ಳಬೇಡಿ ಎಂದಷ್ಟೇ ನನ್ನ ಮಾತು.

ಕ್ರಿಮಿನಾಶಕಗಳ ವಿಷಯದಲ್ಲೂ ಇಂಥದೇ ಒಂದು ತಪ್ಪು ತಿಳಿವಳಿಕೆ ಇದೆ. 2018ರ ಡಿಸೆಂಬರ್ 14ರಂದು ಹನೂರು ಬಳಿಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದು 17 ಮಂದಿ ಜೀವ ಕಳೆದುಕೊಂಡ ಘಟನೆಯನ್ನು ಈ ಭಾಗದ ಯಾರೂ ಮರೆತಿಲ್ಲ. ಪ್ರಸಾದದಲ್ಲಿ ಬೆರೆತದ್ದು ಮಾನೋಕ್ರೋಟೋಫಾಸ್ ಎಂದು ಪರೀಕ್ಷೆಯಿಂದ ತಿಳಿಯಿತು. ತರಕಾರಿ ಬೆಳೆಗೆ ಅದನ್ನು ಬಳಸಬಾರದೆಂದು 2005ರಲ್ಲೇ ಸರ್ಕಾರ ಆದೇಶಿಸಿತ್ತು. ಗಂಟೆಗಳಲ್ಲಿ ಕೊಲ್ಲುವ ಈ ವಿಷ, ಮಣ್ಣಿಗೆ ಬಿದ್ದರೆ ಬಿಸಿಲಿಗೆ, ತೇವಕ್ಕೆ ಕೆಲವೇ ವಾರಗಳಲ್ಲಿ ಒಡೆದುಹೋಗುತ್ತದೆ. ಡಿ.ಡಿ.ಟಿ., ಬಿ.ಎಚ್.ಸಿ., ಎಂಡೋಸಲ್ಫಾನ್ ಗುಂಪಿನವು ಇದಕ್ಕೆ ವಿರುದ್ಧ. ಅವು ತಕ್ಷಣಕ್ಕೆ ಅಷ್ಟು ಭೀಕರವಾಗಿ ಕಾಣದೆ ಇರಬಹುದು, ಆದರೆ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತವೆ. ಕೋಳಿಯ ಮೊಟ್ಟೆಗೆ, ಹಸುವಿನ ಹಾಲಿಗೆ, ತಾಯಿಯ ಎದೆಹಾಲಿಗೆ ಸೇರುತ್ತವೆ. ಡಿ.ಡಿ.ಟಿ.ಯನ್ನು ಬೇಸಾಯಕ್ಕೆ ನಿಷೇಧಿಸಿದ್ದು 1989ರಲ್ಲಿ, ಬಿ.ಎಚ್.ಸಿ.ಯನ್ನು 1997ರಲ್ಲಿ, ಎಂಡೋಸಲ್ಫಾನ್ ನಿಂತದ್ದು 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ. ಆದ್ದರಿಂದ ಹಳೆಯ ಗೋದಾಮು ಇದ್ದ ಜಾಗ ಸಿಕ್ಕರೆ ಕೇಳಬೇಕಾದ ಪ್ರಶ್ನೆ "ಈಗ ಏನು ಮಾರುತ್ತಿದ್ದರು" ಎಂಬುದಷ್ಟೇ ಅಲ್ಲ, "ನಿಷೇಧವಾದ ಮೇಲೆ ಉಳಿದ ಮೂಟೆಗಳು ಎಲ್ಲಿಗೆ ಹೋದವು" ಎಂಬುದು.

ಈ ಪ್ರಶ್ನೆ ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ಕಡೆ ನೋಡಿ. ಅಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ನಿಮಗೆ ಗೊತ್ತಿರುವುದೇ. ಕರ್ನಾಟಕದ ಗಡಿಗೆ ಅಂಟಿಕೊಂಡ ಮಿಂಚಿನಪದವು ಎಂಬಲ್ಲಿ ಉಳಿದ ಔಷಧಿಯನ್ನು ಹಾಳು ಬಾವಿಗೆ ಸುರಿದು ಮುಚ್ಚಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2023ರ ಕೊನೆಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಣ್ಣು, ನೀರಿನ ಮಾದರಿ ಕೊಂಡೊಯ್ದರು. ಸಿಂಪಡಣೆ ನಿಂತು ಎರಡು ದಶಕಗಳ ಮೇಲೆ! ಒಂದು ಗುಂಡಿಯಲ್ಲಿ ಏನಿದೆ ಎಂದು ತಿಳಿಯಲು ಜನ ಇಷ್ಟು ವರ್ಷ ಕಾಯಬೇಕಾಯಿತು. ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜಿನ ಚೂರು 7.4 ಟನ್ನಿನಷ್ಟು ಸಿಕ್ಕಿದ್ದು ಊರೊಳಗಿನ ಒಂದು ಗುಜರಿ ಅಂಗಡಿಯಲ್ಲಿ, 2001ರಲ್ಲಿ. ಅದನ್ನು ಹುಡುಕಿ ತೆಗೆದದ್ದು ಸರ್ಕಾರದ ಇಲಾಖೆಯಲ್ಲ. ಅಕ್ಕಪಕ್ಕದ ಜನ ಮತ್ತು ಪರಿಸರದ ಕೆಲಸ ಮಾಡುವವರು.

ಹಾಗಾದರೆ ಒಂದು ಜಾಗವನ್ನು ಪರೀಕ್ಷಿಸುವುದು ಹೇಗೆ? ಮುಂದುವರಿದ ದೇಶಗಳಲ್ಲಿ ಇದಕ್ಕೆ ಕ್ರಮವೇ ಇದೆ. ಸೋಜಿಗವೆಂದರೆ ಅದರ ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣನ್ನೂ ತೆಗೆಯುವುದಿಲ್ಲ. ಹಳೆಯ ದಾಖಲೆ ಓದುವುದು, ಜಾಗದ ಮೇಲೆ ನಡೆದಾಡುವುದು, ನೆರೆಹೊರೆಯವರನ್ನು ಕೇಳುವುದು, ಇಷ್ಟೇ. ಇದನ್ನು ನೀವೂ ಮಾಡಬಹುದು, ಖರ್ಚು ಒಂದು ದಿನದ ಓಡಾಟ. ಪಹಣಿ, ಮ್ಯುಟೇಷನ್ ಅಲ್ಲದೆ ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ಹಳೆಯ ಉದ್ದಿಮೆ ಪರವಾನಗಿಯ ಪುಸ್ತಕ ಕೇಳಿ ನೋಡಿ. ಆ ಜಾಗಕ್ಕೆ ಹಿಂದೆ ಪವರ್ ಲೈನ್ ಕೊಟ್ಟಿದ್ದರೆ ಯಾವುದೋ ಯಂತ್ರ ಓಡಿದೆ ಎಂದೇ ಅರ್ಥ. ಜಾಗದ ಮೇಲೆ ನಡೆಯುವಾಗ, ಸುತ್ತೆಲ್ಲ ಹುಲ್ಲು ಬೆಳೆದು ಒಂದು ಕಡೆ ಮಾತ್ರ ಬೋಳಾಗಿದೆಯೇ, ಮಣ್ಣು ಕಪ್ಪಗೆ ಎಣ್ಣೆ ಕುಡಿದಂತಿದೆಯೇ, ಹಳದಿ ಹಸಿರು ಬಣ್ಣ ಕಾಣುತ್ತದೆಯೇ, ಬ್ಯಾಟರಿಯ ಕಪ್ಪು ಪ್ಲಾಸ್ಟಿಕ್ ಚೂರು, ಬೂದಿಯ ಗುಡ್ಡೆ ಇದೆಯೇ ನೋಡಿ. ನೆಲದಿಂದ ಕಬ್ಬಿಣದ ಪೈಪೊಂದು ಸುಮ್ಮನೆ ಮೇಲೆದ್ದು ನಿಂತಿದ್ದರೆ ಕೆಳಗೆ ಹೂತ ಟ್ಯಾಂಕಿರಬಹುದು. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುವಂಥದು; ಸೋರುವ ಟ್ಯಾಂಕಿನಿಂದ ಅದು ಬಾವಿಗೆ, ಬೋರ್‌ವೆಲ್ಲಿಗೆ ಇಳಿಯುತ್ತದೆ. ಆಮೇಲೆ ಬೀದಿಯ ಹಳೆಯ ಟೀ ಅಂಗಡಿಯವರನ್ನೋ ನಿವೃತ್ತ ಪೌರಕಾರ್ಮಿಕರನ್ನೋ ಕಂಡು ಮಾತಾಡಿಸಿ. ಊರಿನ ಯಾವ ಮೂಲೆಯಲ್ಲಿ ಏನು ಸುರಿಯುತ್ತಿದ್ದರು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿಲ್ಲ. ನಾವು ಅವರನ್ನು ಕೇಳುವುದೇ ಇಲ್ಲ ಅಷ್ಟೆ.

ಈ ಹಂತದಲ್ಲಿ ಅನುಮಾನ ಬಂದರೆ ಮಾತ್ರ ಮಣ್ಣು, ನೀರನ್ನು ಪ್ರಯೋಗಾಲಯಕ್ಕೆ ಕಳಿಸುವ ಪ್ರಶ್ನೆ. ಇಲ್ಲಿ ಒಂದು ಮೋಸವಿದೆ, ಯಾರೂ ಬೇಕೆಂದು ಮಾಡಿದ ಮೋಸವಲ್ಲ. "ಮಣ್ಣು ಪರೀಕ್ಷೆ ಮಾಡಿಸಿದ್ದೇವೆ ಸಾರ್, ಚೆನ್ನಾಗಿದೆ" ಎನ್ನುತ್ತಾರೆ. ಯಾವ ಪರೀಕ್ಷೆ? ಮನೆ ಕಟ್ಟುವ ಇಂಜಿನಿಯರು ಮಾಡಿಸುವುದು ನೆಲ ಎಷ್ಟು ಭಾರ ಹೊರುತ್ತದೆ ಎಂಬ ಪರೀಕ್ಷೆ. ಕೃಷಿ ಇಲಾಖೆಯ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಬರುವುದು ಸಾರಜನಕ, ರಂಜಕ, ಪೊಟ್ಯಾಷ್, ಸತು ಮುಂತಾದ ಹನ್ನೆರಡು ಅಂಶಗಳು, ಬೆಳೆಗೆ ಬೇಕಾದವು. ಎರಡರಲ್ಲೂ ಸೀಸವಿಲ್ಲ, ಪಾದರಸವಿಲ್ಲ, ಕ್ರಿಮಿನಾಶಕದ ಉಳಿಕೆಯಿಲ್ಲ. ಪಂಚಾಯಿತಿಯಲ್ಲಿ ಮಾಡುವ ಕಿಟ್‌ನ ನೀರಿನ ಪರೀಕ್ಷೆಯೂ ಹಾಗೆಯೇ: ಗಡಸುತನ, ಫ್ಲೋರೈಡ್, ನೈಟ್ರೇಟ್ ಹೇಳುತ್ತದೆ, ಬೆಂಜೀನ್ ಹೇಳುವುದಿಲ್ಲ. ಆದ್ದರಿಂದ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗಿ, ಇಂಥ ಲೋಹ, ಇಂಥ ರಾಸಾಯನಿಕ ಎಂದು ಹೆಸರು ಹೇಳಿಯೇ ಕೇಳಬೇಕು. ಏನು ಕೇಳಬೇಕೆಂದು ಗೊತ್ತಾಗುವುದು ಮೊದಲ ಹಂತದ ವಿಚಾರಣೆಯಿಂದ. ಬ್ಯಾಟರಿ ಅಂಗಡಿ ಇತ್ತೆಂದು ತಿಳಿದರೆ ಸೀಸ, ಗೋದಾಮು ಇತ್ತೆಂದು ತಿಳಿದರೆ ಡಿ.ಡಿ.ಟಿ. ಮಕ್ಕಳು ಆಡುವ ಜಾಗವಾದರೆ ಮೇಲಿನ ಮಣ್ಣನ್ನೇ ನಾಲ್ಕೈದು ಕಡೆಯಿಂದ ತೆಗೆಯಬೇಕು, ಎರಡು ಅಡಿ ಕೆಳಗಿನದಷ್ಟನ್ನೇ ಕೊಟ್ಟರೆ ಉತ್ತರ ಸರಿಬರುವುದಿಲ್ಲ.

ಇಷ್ಟೂ ಹಣವಿದ್ದು ಸೈಟು ಕೊಳ್ಳುವವರ ಮಾತಾಯಿತು. ನನ್ನ ಚಿಂತೆ ಇರುವುದು ಸೈಟು ಕೊಳ್ಳಲಾಗದವರ ಮಕ್ಕಳ ಬಗ್ಗೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ, ಬಡಾವಣೆಯ ಪಾರ್ಕಿಗೆ ಯಾವ ಜಾಗ ಸಿಗುತ್ತದೆ? ಬೇರೆ ಯಾರಿಗೂ ಬೇಡವಾದ ಜಾಗ. ಅಮೆರಿಕದ ನಯಾಗರಾ ಫಾಲ್ಸ್ ಊರಿನಲ್ಲಿ ಒಂದು ರಾಸಾಯನಿಕ ಕಂಪನಿ 1942ರಿಂದ ಸುಮಾರು 21 ಸಾವಿರ ಟನ್ ತ್ಯಾಜ್ಯವನ್ನು ಲವ್ ಕೆನಾಲ್ ಎಂಬ ಹಳೆಯ ಕಾಲುವೆಯಲ್ಲಿ ಹೂತು, ಮಣ್ಣು ಮುಚ್ಚಿ, 1953ರಲ್ಲಿ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಮಾರಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು. ನೆಲಮಾಳಿಗೆಗಳಲ್ಲಿ ರಾಸಾಯನಿಕ ಜಿನುಗತೊಡಗಿ 1978ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿ ನೂರಾರು ಸಂಸಾರಗಳನ್ನು ಎಬ್ಬಿಸಬೇಕಾಯಿತು. ಅಗ್ಗಕ್ಕೆ ಸಿಕ್ಕಿತೆಂದು ಮಕ್ಕಳ ಶಾಲೆಗೆ ಜಾಗ ಪಡೆಯುವುದು ಎಲ್ಲ ದೇಶದಲ್ಲೂ ಒಂದೇ ಬಗೆ. ನಮ್ಮ ಮೂರು ಊರುಗಳಲ್ಲಿ ಇನ್ನು ಮುಂದೆ ಯಾವುದೇ ಖಾಲಿ ಜಾಗದಲ್ಲಿ ಅಂಗನವಾಡಿಗೆ ಗುದ್ದಲಿ ಪೂಜೆ ಮಾಡುವ ಮೊದಲು, ಆ ಜಾಗದ ಹಿಂದಿನ ಐವತ್ತು ವರ್ಷದ ಬಳಕೆಯನ್ನು ಒಂದು ಪುಟದಲ್ಲಿ ಬರೆದು ಕಡತದಲ್ಲಿ ಇಡಬೇಕು ಎಂಬುದು ನನ್ನ ಒತ್ತಾಯ. ಒಂದೇ ಪುಟ. ಶಾಸಕರ ಭಾಷಣಕ್ಕಿಂತ ಕಡಿಮೆ ಸಮಯ ಸಾಕು.

ಇದಕ್ಕೆ ಕಾನೂನಿನ ಆಸರೆಯೂ ಈಗ ಬಂದಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ತಾನಾಗಿಯೇ ಆಗಲಿ, ಜನರ ದೂರಿನ ಮೇಲಾಗಲಿ ಅನುಮಾನವಿರುವ ಜಾಗಗಳನ್ನು ಗುರುತಿಸಿ ಆರು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳೊಳಗೆ ಪ್ರಾಥಮಿಕ ಪರೀಕ್ಷೆ ಮಾಡಬೇಕು, ವಿಷ ಕಂಡರೆ ಮುಂದಿನ ಮೂರು ತಿಂಗಳಲ್ಲಿ ವಿವರವಾದ ಪರೀಕ್ಷೆ. ಶುದ್ಧಮಾಡುವ ಖರ್ಚು ಕೆಡಿಸಿದವರದು. ಕೇಳಲು ಚೆನ್ನಾಗಿದೆ. ಆದರೆ ನಿಯಮ ಬಂದಾಗ ದೇಶದಲ್ಲಿ ಗುರುತಾಗಿದ್ದ 103 ಜಾಗಗಳಲ್ಲಿ ಶುದ್ಧೀಕರಣ ಶುರುವಾಗಿದ್ದದ್ದು ಬರೀ ಏಳರಲ್ಲಿ. ಅಲ್ಲದೆ ಊರಿನ ಕಸದ ರಾಶಿಗಳನ್ನು ಈ ನಿಯಮದಿಂದ ಹೊರಗಿಟ್ಟಿದ್ದಾರೆ. ಅವಕ್ಕೆ ಘನತ್ಯಾಜ್ಯದ ನಿಯಮ ಬೇರೆ ಇದೆ ಎಂಬುದು ಕಾರಣ. ನನಗೆ ಇದು ಸರಿಕಾಣುವುದಿಲ್ಲ. ಸಣ್ಣ ಊರುಗಳಲ್ಲಿ ವಿಷ ಬೇರೆ, ಕಸ ಬೇರೆ ಎಂದು ಇರುವುದೇ ಇಲ್ಲ. ಒಡೆದ ಟ್ಯೂಬ್‌ಲೈಟು, ಔಷಧಿ ಡಬ್ಬಿ, ಬ್ಯಾಟರಿ ಎಲ್ಲ ಹೋಗುವುದು ಅದೇ ತಿಪ್ಪೆಗೆ.

ಈಗಾಗಲೇ ಇಂಥ ಜಾಗದ ಪಕ್ಕದಲ್ಲಿ ವಾಸಿಸುತ್ತಿರುವವರು ಗಾಬರಿಯಾಗಿ ಮಣ್ಣು ಅಗೆದು ಕೆರೆಯಂಗಳಕ್ಕೆ ಸಾಗಿಸಬೇಡಿ. ಆಗ ಒಂದು ಮನೆಯ ವಿಷ ಇಡೀ ಊರಿನದಾಗುತ್ತದೆ. ಒಳ್ಳೆಯ ಮಣ್ಣು ಒಂದಡಿ ಹಾಕಿ ಹುಲ್ಲು ಬೆಳೆಸುವುದು, ಇಲ್ಲವೇ ಕಲ್ಲು ಹಾಸುವುದು ಎಷ್ಟೋ ಮೇಲು, ಧೂಳಾದರೂ ಏಳುವುದಿಲ್ಲ. ಅಲ್ಲಿ ನೇರವಾಗಿ ನೆಲದಲ್ಲಿ ದಂಟು, ಪಾಲಕ್, ಮೂಲಂಗಿ ಬೆಳೆಯಬೇಡಿ. ಕುಂಡದಲ್ಲಿ ಬೇರೆ ಮಣ್ಣು ತುಂಬಿ ಬೆಳೆಯಬಹುದು. ಚಪ್ಪಲಿ ಬಾಗಿಲ ಹೊರಗೆ ಬಿಡುವ ನಮ್ಮ ಹಿರಿಯರ ಪದ್ಧತಿಯನ್ನು ಬಿಡಬೇಡಿ, ಮನೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮುಂಚೆ ಮಗುವಿನ ಕೈ ಸೋಪು ಹಾಕಿ ತೊಳೆಯಿರಿ. ರಾಗಿ, ಹುರುಳಿ, ಸೊಪ್ಪು, ಹಾಲು ಚೆನ್ನಾಗಿ ತಿನ್ನುವ ಮಗುವಿನ ದೇಹ ಸೀಸವನ್ನು ಕಡಿಮೆ ಹೀರುತ್ತದೆ, ಆದರೆ ರಾಗಿ ಮುದ್ದೆ ಸೀಸಕ್ಕೆ ಔಷಧಿಯಲ್ಲ. ಮಗುವಿನಲ್ಲಿ ಮೇಲೆ ಹೇಳಿದ ಲಕ್ಷಣಗಳಿದ್ದು, ಮನೆಯ ಹತ್ತಿರ ಬ್ಯಾಟರಿ ಅಥವಾ ಗುಜರಿ ಕೆಲಸ ನಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ನಾವು ಕೇಳುವುದು ಕಡಿಮೆ.

ಇನ್ನು ನಿಮ್ಮ ಬೀದಿಯಲ್ಲಿ ಅನುಮಾನದ ಜಾಗವೊಂದಿದ್ದರೆ ಕೊಳ್ಳೇಗಾಲದವರು ನಗರಸಭೆಗೆ, ಹನೂರು ಮತ್ತು ಯಳಂದೂರಿನವರು ಪಟ್ಟಣ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿ. ಜಾಗದ ಚೆಕ್ಕುಬಂದಿ, ಹಿಂದೆ ಅಲ್ಲಿ ಏನಿತ್ತು, ಯಾವ ವರ್ಷದವರೆಗೆ, ಈಗ ಎಷ್ಟು ಮಕ್ಕಳು ಅಲ್ಲಿ ಆಡುತ್ತಾರೆ, ಕುಡಿಯುವ ನೀರಿನ ಬಾವಿ ಎಷ್ಟು ದೂರ ಎಂಬುದಿರಲಿ. 2025ರ ನಿಯಮದಂತೆ ಅನುಮಾನಿತ ಜಾಗಗಳ ಪಟ್ಟಿಗೆ ಸೇರಿಸಬೇಕೆಂದು ಸ್ಪಷ್ಟವಾಗಿ ಕೇಳಿ. ಕಚೇರಿಯಿಂದ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. 90 ದಿನದ ಲೆಕ್ಕ ಕೇಳಲು ಆ ತಾರೀಖು ನಿಮ್ಮ ಕೈಯಲ್ಲಿರಬೇಕು.